ಕಥೆ ಮರೆತ ಮೇಲೂ ಉಳಿಯುವ ‘ನಾನು’: ಆಲಿವರ್ ಸ್ಯಾಕ್ಸ್ ಅವರ ಒಂದು ಕೃತಿಯನ್ನು ಕುರಿತು

ಮನುಷ್ಯನು ‘ನಾನು’ ಎನ್ನುವಾಗ ಆ ಮಾತಿನಿಂದ ಯಾವುದನ್ನು ಸೂಚಿಸುತ್ತಾನೆ ಎಂಬ ಪ್ರಶ್ನೆ ದರ್ಶನಶಾಸ್ತ್ರದಷ್ಟೇ ಹಳೆಯದು. ಈಚಿನ ಕಾಲದಲ್ಲಿ ನರವಿಜ್ಞಾನವೂ ಅದೇ ಪ್ರಶ್ನೆಯನ್ನು ಕೈಗೆತ್ತಿಕೊಂಡು, ಮಿದುಳಿನ ಯಾವ ವ್ಯಾಪಾರಗಳಿಂದ ಈ ಅರಿವು ಮೂಡುತ್ತದೆ ಎಂದು ಶೋಧಿಸುತ್ತಿದೆ. ಈ ಶೋಧನೆಯ ಫಲವನ್ನು ಸಾಮಾನ್ಯ ಓದುಗರ ಬಳಿಗೆ ತಂದ ಗ್ರಂಥಗಳಲ್ಲಿ ಆಲಿವರ್ ಸ್ಯಾಕ್ಸ್ ಅವರ ‘ದಿ ಮ್ಯಾನ್ ಹೂ ಮಿಸ್ಟುಕ್ ಹಿಸ್ ವೈಫ್ ಫಾರ್ ಎ ಹ್ಯಾಟ್’ ಪ್ರಮುಖವಾದುದು. 1985ರಲ್ಲಿ ಪ್ರಕಟವಾದ ಈ ಕೃತಿಯ ಹೆಸರನ್ನು ‘ಹೆಂಡತಿಯನ್ನು ಟೋಪಿಯೆಂದು ಭಾವಿಸಿದವನು’ ಎಂದು ಕನ್ನಡಿಸಬಹುದು. ಹೆಸರು ವಿನೋದದ್ದಾಗಿ ಕಂಡರೂ ಒಳಗಿನ ವಿಷಯ ವಿನೋದದ್ದಲ್ಲ. ಮಿದುಳಿನ ಒಂದೊಂದು ಭಾಗ ಕೆಟ್ಟಾಗ ಮನುಷ್ಯನ ತನ್ನತನಕ್ಕೆ ಏನಾಗುತ್ತದೆ ಎಂಬುದೇ ಅದರ ವಸ್ತು.

ಈ ಗ್ರಂಥದಲ್ಲಿ ಆ ಪ್ರಶ್ನೆಗೆ ಎರಡು ಉತ್ತರಗಳಿವೆ. ಒಂದನ್ನು ಲೇಖಕರೇ ಬಾಯಿಬಿಟ್ಟು ಹೇಳುತ್ತಾರೆ. ಇನ್ನೊಂದು, ಅವರು ಚಿತ್ರಿಸಿರುವ ರೋಗಿಗಳ ಬದುಕಿನಿಂದ ಹೊರಡುತ್ತದೆ. ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ಮೊದಲನೆಯದು ಹೆಚ್ಚು ಪ್ರಸಿದ್ಧವಾಗಿದೆ. ಆದರೆ ಎರಡನೆಯದೇ ಸತ್ಯಕ್ಕೆ ಹತ್ತಿರ ಎಂಬುದನ್ನು ಇಲ್ಲಿ ತೋರಿಸಲು ಯತ್ನಿಸಿದ್ದೇನೆ. ನಾನು ವೈದ್ಯಶಾಸ್ತ್ರವನ್ನು ಅಭ್ಯಸಿಸಿದವನಲ್ಲ; ಗಡಿನಾಡಿನ ಶಾಲೆಗಳಲ್ಲಿ ಭಾಷೆಯನ್ನು ಕಲಿಸಿದವನು. ಆದುದರಿಂದ ಈ ಗ್ರಂಥವನ್ನು ಸಾಹಿತ್ಯಕೃತಿಯನ್ನು ಓದುವಂತೆ ಓದಿ, ಅದರ ವಾದವನ್ನು ಅದರದೇ ಪಾತ್ರಗಳ ಮುಂದಿಟ್ಟು ಪರೀಕ್ಷಿಸುವುದು ನನ್ನ ಕ್ರಮ.

ಗ್ರಂಥದ ಸ್ವರೂಪ

ಸ್ಯಾಕ್ಸ್ ಅವರು 1933ರಲ್ಲಿ ಲಂಡನ್ನಿನಲ್ಲಿ ಜನಿಸಿ, ಆಕ್ಸ್‌ಫರ್ಡಿನಲ್ಲಿ ವೈದ್ಯಶಿಕ್ಷಣ ಪಡೆದು, ಅಮೆರಿಕಕ್ಕೆ ತೆರಳಿ ನ್ಯೂಯಾರ್ಕಿನಲ್ಲಿ ನರರೋಗತಜ್ಞರಾಗಿ ದುಡಿದವರು, 2015ರಲ್ಲಿ ನಿಧನರಾದರು. ಪ್ರಸ್ತುತ ಗ್ರಂಥದಲ್ಲಿ 24 ಅಧ್ಯಾಯಗಳಿದ್ದು, ಅವುಗಳನ್ನು ನಾಲ್ಕು ಭಾಗಗಳಲ್ಲಿ ಜೋಡಿಸಲಾಗಿದೆ. ಒಂದೊಂದು ಅಧ್ಯಾಯವೂ ಸಾಮಾನ್ಯವಾಗಿ ಒಬ್ಬ ರೋಗಿಯ ಕಥನ. ರೋಗದ ಹೆಸರು, ಅಳತೆ, ಔಷಧ ಇವುಗಳಲ್ಲಿಯೇ ಮುಗಿದುಹೋಗುವ ಆಸ್ಪತ್ರೆಯ ವರದಿಗಳಿಂದ ಅವರಿಗೆ ತೃಪ್ತಿಯಿಲ್ಲ. ರೋಗಕ್ಕೆ ಸಿಕ್ಕಿದ ವ್ಯಕ್ತಿ ಯಾರು, ಅವನು ತನ್ನ ಸಂಕಟವನ್ನು ಹೇಗೆ ಬಾಳುತ್ತಿದ್ದಾನೆ ಎಂಬುದನ್ನು ಬರೆಯಬೇಕೆಂಬುದು ಅವರ ಹಟ. ಈ ದಾರಿಯಲ್ಲಿ ಅವರಿಗೆ ಗುರುಸಮಾನರಾದವರು ಸೋವಿಯತ್ ರಷ್ಯಾದ ನರಮನೋವಿಜ್ಞಾನಿ ಅಲೆಕ್ಸಾಂಡರ್ ಲೂರಿಯಾ. ಇಬ್ಬರ ನಡುವೆ ಪತ್ರವ್ಯವಹಾರವೂ ಇತ್ತು. ಅದರ ಒಂದು ಫಲವನ್ನು ಮುಂದೆ ಕಾಣಲಿದ್ದೇವೆ.

ಭಾಷೆಯ ದೃಷ್ಟಿಯಿಂದ ಇದು ಸಮೃದ್ಧ ಗದ್ಯ. ರೋಗಿಯ ಮಾತು, ವೈದ್ಯನ ಬೆರಗು, ತತ್ತ್ವಜ್ಞಾನಿಗಳ ಉಲ್ಲೇಖ ಇವು ಒಂದೇ ಪುಟದಲ್ಲಿ ಬೆರೆತು ಬರುತ್ತವೆ. ಕೆಲವೆಡೆ ಈ ಬೆರಕೆ ಅತಿಯಾಗಿದೆ. ಸಾಮಾನ್ಯ ಘಟನೆಯೊಂದನ್ನು ಹೇಳುತ್ತಿರುವಾಗಲೇ ದೊಡ್ಡ ತತ್ತ್ವವೊಂದಕ್ಕೆ ಹಾರಿಬಿಡುವ ಅಭ್ಯಾಸ ಲೇಖಕರಿಗಿದೆ. ಆ ಹಾರಾಟದ ಪರಿಣಾಮವನ್ನೇ ನಾವು ವಿಚಾರಿಸಬೇಕಾಗಿದೆ.

ಕಾಲ ನಿಂತುಹೋದ ನಾವಿಕ

ಗ್ರಂಥದ ಎರಡನೆಯ ಅಧ್ಯಾಯದ ನಾಯಕ ಜಿಮ್ಮಿ. ಇದು ಲೇಖಕರು ಗುರುತು ಮರೆಸಲು ಕೊಟ್ಟ ಹೆಸರು. 1975ರಲ್ಲಿ ನ್ಯೂಯಾರ್ಕಿನ ಬಳಿಯ ವೃದ್ಧಾಶ್ರಮವೊಂದಕ್ಕೆ ಆತ ಬಂದಾಗ ವಯಸ್ಸು 49. ಆದರೆ ಆತನ ಲೆಕ್ಕದಲ್ಲಿ ಅದು 1945, ವಯಸ್ಸು 19, ಯುದ್ಧ ಈಗಷ್ಟೇ ಮುಗಿದಿದೆ, ಟ್ರೂಮನ್ ಅಧ್ಯಕ್ಷರಾಗಿದ್ದಾರೆ. ಜಲಾಂತರ್ಗಾಮಿಯಲ್ಲಿ ರೇಡಿಯೋ ಕೆಲಸ ಮಾಡಿದ ದಿನಗಳು ಆತನಿಗೆ ನಿಚ್ಚಳವಾಗಿ ನೆನಪಿವೆ. ಅನಂತರದ ಮೂವತ್ತು ವರ್ಷಗಳು ಅಳಿಸಿಹೋಗಿವೆ. ಹೊಸದಾಗಿ ಏನು ನಡೆದರೂ ಕೆಲವೇ ನಿಮಿಷಗಳಲ್ಲಿ ಮರೆತುಹೋಗುತ್ತದೆ. ಬೇಗ ಮುಗಿಯುವ ಚೆಕರ್ಸ್ ಆಟದಲ್ಲಿ ಆತ ಚತುರ. ಚದುರಂಗದಲ್ಲಿ ಸೋಲುತ್ತಾನೆ, ಏಕೆಂದರೆ ಅದರ ನಡೆಗಳು ನಿಧಾನ.

ಇದು ಕೊರ್ಸಕಾಫ್ ಲಕ್ಷಣಕೂಟ. ದೀರ್ಘಕಾಲದ ಮದ್ಯಪಾನದಿಂದಲೂ ಅದರೊಡನೆ ಬರುವ ಥಯಮಿನ್ ಎಂಬ ಜೀವಸತ್ವದ ಕೊರತೆಯಿಂದಲೂ ಮಿದುಳಿನ ಆಳದಲ್ಲಿರುವ ಮ್ಯಾಮಿಲರಿ ಕಾಯಗಳೆಂಬ ಪುಟ್ಟ ಭಾಗಗಳು ಹಾಳಾಗುತ್ತವೆ. ಅವುಗಳ ಗಾತ್ರ ಚಿಕ್ಕದು. ಅವು ಕೆಟ್ಟರೆ ಬುದ್ಧಿ, ಮಾತು, ಕೈಚಳಕ ಎಲ್ಲವೂ ಉಳಿದು, ಹೊಸ ನೆನಪು ನೆಲೆಯೂರುವುದು ಮಾತ್ರ ನಿಲ್ಲುತ್ತದೆ.

ಸ್ಯಾಕ್ಸ್ ಅವರು ಒಮ್ಮೆ ಜಿಮ್ಮಿಯ ಕೈಗೆ ಕನ್ನಡಿ ಕೊಟ್ಟು ನೋಡಹೇಳುತ್ತಾರೆ. ಹತ್ತೊಂಬತ್ತರ ಮುಖವನ್ನು ನಿರೀಕ್ಷಿಸಿದ ಆತನಿಗೆ ನರೆತ ಕೂದಲಿನ ಮನುಷ್ಯ ಕಾಣುತ್ತಾನೆ. ಆತ ಬೆಚ್ಚಿ ತತ್ತರಿಸುತ್ತಾನೆ. ಹೀಗೆ ಮಾಡಬಾರದಿತ್ತೆಂದು ವೈದ್ಯರು ತಮ್ಮನ್ನೇ ಹಳಿದುಕೊಂಡು ಆತನನ್ನು ಕಿಟಕಿಯ ಬಳಿಗೆ ಕರೆದೊಯ್ಯುತ್ತಾರೆ. ಹೊರಗೆ ಹುಡುಗರು ಆಡುತ್ತಿದ್ದಾರೆ. ಸ್ವಲ್ಪ ಹೊತ್ತಿನಲ್ಲಿ ಜಿಮ್ಮಿ ಆ ಭಯವನ್ನು ಮರೆತು ನಗುತ್ತಾನೆ. ಗ್ರಂಥದ ಅತ್ಯಂತ ಕರುಣಾಜನಕ ಪುಟ ಇದು.

ಇಂಥವನಿಗೆ ‘ತಾನು’ ಎಂಬುದು ಉಳಿದಿದೆಯೇ? ಸಲಹೆ ಕೇಳಿದ ಸ್ಯಾಕ್ಸ್ ಅವರಿಗೆ ಲೂರಿಯಾ ಬರೆದ ಉತ್ತರದ ಸಾರ ಹೀಗಿದೆ: ಮನುಷ್ಯ ಬರಿಯ ನೆನಪುಗಳಿಂದ ಆದವನಲ್ಲ, ಅವನಿಗೆ ಭಾವವಿದೆ, ಇಚ್ಛೆಯಿದೆ, ನೈತಿಕ ಸ್ವಭಾವವಿದೆ, ಅಲ್ಲಿ ಅವನನ್ನು ತಲಪಲು ಸಾಧ್ಯ. ಆಶ್ರಮದ ಸನ್ಯಾಸಿನಿಯರನ್ನು ಕೇಳಿದಾಗ ಅವರು, ಜಿಮ್ಮಿಯನ್ನು ಪ್ರಾರ್ಥನಾಮಂದಿರದಲ್ಲಿ ನೋಡಿರಿ ಎಂದರು. ನೋಡಿದಾಗ, ಎರಡು ನಿಮಿಷವೂ ಒಂದೆಡೆ ನಿಲ್ಲದ ಮನಸ್ಸಿನವನು ಪೂಜಾವಿಧಿಯಲ್ಲಿ ಆದಿಯಿಂದ ಅಂತ್ಯದವರೆಗೆ ತನ್ಮಯನಾಗಿದ್ದಾನೆ. ಮುಂದೆ ತೋಟದ ಕೆಲಸದಲ್ಲಿಯೂ ಅದೇ ನೆಮ್ಮದಿ ಕಾಣುತ್ತದೆ. ವರ್ಷಗಳು ಕಳೆದರೂ ನೆನಪು ಒಂದಿಷ್ಟೂ ಸುಧಾರಿಸಲಿಲ್ಲ. ಆದರೆ ಆತ ಚೆಲ್ಲಾಪಿಲ್ಲಿಯಾಗಿ ಉಳಿಯಲಿಲ್ಲ.

ಕಥೆಗಳ ಮಹಾಪೂರ

ಅದೇ ರೋಗಕ್ಕೆ ಸಿಕ್ಕಿದ ಇನ್ನೊಬ್ಬ ವ್ಯಕ್ತಿ ಥಾಂಪ್ಸನ್. ಹಿಂದೆ ಅಂಗಡಿ ಇಟ್ಟಿದ್ದವನು. ಜಿಮ್ಮಿಗೆ ನೆನಪಿನ ಜಾಗ ಖಾಲಿ ಬಿದ್ದಿದ್ದರೆ, ಥಾಂಪ್ಸನ್ ಆ ಜಾಗವನ್ನು ಕ್ಷಣಕ್ಕೊಂದು ಕಥೆಯಿಂದ ತುಂಬುತ್ತಾನೆ. ಎದುರಿಗಿರುವ ವೈದ್ಯರು ಅವನಿಗೆ ಒಮ್ಮೆ ಗಿರಾಕಿ, ಮರುಕ್ಷಣ ಹಳೆಯ ಗೆಳೆಯ, ಇನ್ನೊಂದು ಕ್ಷಣ ಪಕ್ಕದ ಮಾಂಸದಂಗಡಿಯವನು. ಸುಳ್ಳು ಹೇಳುವ ಉದ್ದೇಶ ಅವನಿಗಿಲ್ಲ. ಕಾಲ ಕೆಳಗಿನ ನೆಲ ಸತತವಾಗಿ ಕುಸಿಯುತ್ತಿರುವುದರಿಂದ ಕಥೆಯ ಹಲಗೆಗಳನ್ನು ಹಾಸಿಕೊಳ್ಳುತ್ತಲೇ ಹೋಗಬೇಕಾಗಿದೆ. ಕಿಟಕಿಯಾಚೆ ಹಾದುಹೋದ ತನ್ನ ಸ್ವಂತ ತಮ್ಮನನ್ನು ಸರಿಯಾಗಿ ಗುರುತಿಸಿದರೂ, ಆ ನಿಜವನ್ನೂ ತನ್ನ ಕಲ್ಪನೆಗಳನ್ನು ಹೇಳುವ ನಿರ್ಲಿಪ್ತ ದನಿಯಲ್ಲಿಯೇ ಹೇಳುತ್ತಾನೆ.

ಈ ಅಧ್ಯಾಯದಲ್ಲಿಯೇ ಸ್ಯಾಕ್ಸ್ ಅವರ ಪ್ರಸಿದ್ಧ ಸಿದ್ಧಾಂತ ಬರುತ್ತದೆ. ನಮ್ಮಲ್ಲಿ ಪ್ರತಿಯೊಬ್ಬರೂ ಒಂದು ಒಳಗಥೆಯನ್ನು ಕಟ್ಟಿಕೊಂಡು ಅದನ್ನೇ ಬಾಳುತ್ತೇವೆ, ಆ ಕಥೆಯೇ ನಾವು ಎಂಬುದು ಅದರ ಸಾರ. ಈ ಮಾತನ್ನು ತತ್ತ್ವಶಾಸ್ತ್ರದ ಚರ್ಚೆಗಳಲ್ಲಿಯೂ ಎತ್ತಿಕೊಳ್ಳಲಾಗಿದೆ. ಬ್ರಿಟನ್ನಿನ ತತ್ತ್ವಜ್ಞಾನಿ ಗೇಲನ್ ಸ್ಟ್ರಾಸನ್ ಅವರು 2004ರಲ್ಲಿ ಇಂಥ ಕಥನವಾದದ ವಿರುದ್ಧವೇ ಪ್ರಬಂಧ ಬರೆದು, ತಮ್ಮ ಬಾಳನ್ನು ಕಥೆಯಾಗಿ ಕಾಣದ ಜನರೂ ಇದ್ದಾರೆ, ಅವರ ಬದುಕಿಗೆ ಅದರಿಂದ ಕುಂದೇನೂ ಇಲ್ಲ ಎಂದು ವಾದಿಸಿದರು.

ಸಾಹಿತ್ಯಾಭಿಮಾನಿಗಳಾದ ನಮಗೆ ಸ್ಯಾಕ್ಸ್ ಅವರ ಸಿದ್ಧಾಂತ ಪ್ರಿಯವಾಗುವುದು ಸಹಜ. ಆತ್ಮಕಥೆ, ಕಾದಂಬರಿ, ಪುರಾಣಶ್ರವಣಗಳಲ್ಲಿ ಬೆಳೆದವರಿಗೆ ‘ಮನುಷ್ಯನೆಂದರೆ ಅವನ ಕಥೆ’ ಎಂದರೆ ನಮ್ಮ ವೃತ್ತಿಗೇ ಬಿರುದು ಕೊಟ್ಟಂತೆ. ಆದರೆ ಪ್ರಿಯವಾದುದು ಪರೀಕ್ಷೆಗೆ ನಿಲ್ಲಬೇಕು. ಕಥೆಯೇ ‘ನಾನು’ ಎಂಬುದು ನಿಜವಾದರೆ, ಸಾವಿರ ಕಥೆಗಳ ಒಡೆಯನಾದ ಥಾಂಪ್ಸನ್‌ನಲ್ಲಿ ತನ್ನತನ ತುಂಬಿ ತುಳುಕಬೇಕಿತ್ತು. ಕಥೆ 1945ಕ್ಕೇ ನಿಂತುಹೋದ ಜಿಮ್ಮಿಯಲ್ಲಿ ಅದು ಕ್ಷೀಣಿಸಬೇಕಿತ್ತು. ಸ್ಯಾಕ್ಸ್ ಅವರ ಸ್ವಂತ ತೀರ್ಪು ಇದಕ್ಕೆ ನೇರ ವಿರುದ್ಧವಾಗಿದೆ. ಅವರು ಒಳಗೆ ಬರಿದಾದವನೆಂದು ಕಾಣುವುದು ಥಾಂಪ್ಸನ್‌ನನ್ನು. ಇಡಿಯಾಗಿ ಉಳಿದವನೆಂದು ಕಾಣುವುದು ಜಿಮ್ಮಿಯನ್ನು. ಥಾಂಪ್ಸನ್‌ನಿಗೆ ಕೊರತೆಯಾದುದು ಆ ಕಥೆಗಳು ತನಗೆ ತಾಗುವ ಅನುಭವ. ತಮ್ಮನನ್ನು ಕಂಡರೂ ಎದೆಯಲ್ಲಿ ಏನೂ ಅಲುಗಲಿಲ್ಲ ಎಂಬುದರಲ್ಲಿ ಅವನ ನಷ್ಟವಿದೆ. ಲೇಖಕರು ಈ ವ್ಯತ್ಯಾಸವನ್ನು ಕಂಡೂ ತಮ್ಮ ಸಿದ್ಧಾಂತವನ್ನು ತಿದ್ದಿಕೊಳ್ಳುವುದಿಲ್ಲ.

ಕಥೆ ಕಟ್ಟುವ ಮಿದುಳು

ಮಿದುಳಿನಲ್ಲಿ ಕಥೆ ಕಟ್ಟುವ ವ್ಯವಸ್ಥೆಯೊಂದು ಇದೆ ಎಂಬುದಕ್ಕೆ ಬೇರೆ ಸಾಕ್ಷ್ಯಗಳಿವೆ. ತೀವ್ರವಾದ ಅಪಸ್ಮಾರವನ್ನು ತಡೆಯಲು ಕೆಲವು ರೋಗಿಗಳ ಮಿದುಳಿನ ಎಡಬಲ ಅರ್ಧಗೋಲಗಳ ನಡುವಿನ ನರತಂತುಗಳ ಸೇತುವೆಯನ್ನು ಕತ್ತರಿಸುತ್ತಿದ್ದರು. ಅಂಥವರನ್ನು ಅಧ್ಯಯನ ಮಾಡಿದ ರೋಜರ್ ಸ್ಪೆರಿ ಅವರಿಗೆ 1981ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅವರ ಶಿಷ್ಯ ಮೈಕೆಲ್ ಗಜಾನಿಗ ಮುಂದೆ ನಡೆಸಿದ ಒಂದು ಪ್ರಯೋಗ ಸ್ವಾರಸ್ಯಕರವಾಗಿದೆ. ಮಾತಾಡಬಲ್ಲ ಎಡಗೋಲಕ್ಕೆ ಮಾತ್ರ ಕೋಳಿಯ ಕಾಲಿನ ಚಿತ್ರವನ್ನೂ, ಮಾತಿಲ್ಲದ ಬಲಗೋಲಕ್ಕೆ ಮಾತ್ರ ಹಿಮ ಕವಿದ ಮನೆಯ ಚಿತ್ರವನ್ನೂ ತೋರಿಸಿ, ಎದುರಿಗಿದ್ದ ಚಿತ್ರಗಳಲ್ಲಿ ಹೊಂದುವುದನ್ನು ಆರಿಸಲು ಹೇಳಿದರು. ರೋಗಿಯ ಬಲಗೈ ಕೋಳಿಯನ್ನೂ ಎಡಗೈ ಸಲಿಕೆಯನ್ನೂ ತೋರಿದವು. ಸಲಿಕೆ ಏಕೆ ಎಂದು ಕೇಳಿದಾಗ, ಹಿಮದ ಚಿತ್ರವನ್ನು ಕಂಡೇ ಇರದ ಎಡಗೋಲ ಒಂದಿಷ್ಟೂ ತಡವರಿಸದೆ, ಕೋಳಿಗೂಡನ್ನು ಗುಡಿಸಲು ಸಲಿಕೆ ಬೇಕಲ್ಲವೇ ಎಂದಿತು.

ಗಜಾನಿಗ ಇದನ್ನು ಎಡಗೋಲದ ‘ವ್ಯಾಖ್ಯಾನಕಾರ’ ಎಂದು ಕರೆದರು. ನಡೆದುಹೋದುದಕ್ಕೆ ಒಪ್ಪುವ ಕಾರಣವೊಂದನ್ನು ಒದಗಿಸುವುದು ಅದರ ಕೆಲಸ. ಈ ವ್ಯಾಖ್ಯಾನಕಾರ ರೋಗಿಗಳಲ್ಲಿ ಮಾತ್ರವಲ್ಲ, ನಮ್ಮೆಲ್ಲರಲ್ಲಿಯೂ ಇದ್ದಾನೆ ಎಂಬುದು ಅವರ ಅಭಿಪ್ರಾಯ. ಹಾಗಾದರೆ ನಾವು ನಮ್ಮ ಬಗ್ಗೆ ಹೇಳಿಕೊಳ್ಳುವ ಕಥೆ ‘ನಾನು’ವಿನ ಒಂದು ಅಂಗ ಮಾತ್ರ, ಅದೂ ಸದಾ ಸತ್ಯ ನುಡಿಯುವ ಅಂಗವೆಂದು ನಂಬುವಂತಿಲ್ಲ. ಮೇಷ್ಟರ ಅನುಪಸ್ಥಿತಿಯಲ್ಲಿ ತರಗತಿಯಲ್ಲಿ ನಡೆದುದನ್ನೆಲ್ಲ ತಾನೇ ಕಂಡಂತೆ ವರದಿ ಮಾಡುವ ಚುರುಕು ಬಾಯಿಯ ಹುಡುಗನನ್ನೇ ಇಡೀ ತರಗತಿ ಎನ್ನಲಾದೀತೆ?

ಕಥೆಗಿಂತ ಕೆಳಗಿನ ನೆಲೆಗಳು

ಕಥೆಯ ಕೆಳಗೆ ಏನಿದೆ? ಇದಕ್ಕೂ ಸ್ಯಾಕ್ಸ್ ಅವರ ಗ್ರಂಥದಲ್ಲಿಯೇ ಒಂದು ದಾರಿ ಕಾಣುತ್ತದೆ. ಕ್ರಿಸ್ಟಿನಾ ಎಂಬ 27ರ ತರುಣಿಗೆ ನರಗಳ ಉರಿಯೂತದಿಂದ, ತನ್ನ ಅಂಗಾಂಗಗಳು ಎಲ್ಲಿವೆ, ಹೇಗಿವೆ ಎಂದು ಒಳಗಿನಿಂದಲೇ ತಿಳಿಸುವ ಇಂದ್ರಿಯ ಇಲ್ಲವಾಯಿತು. ಕಣ್ಣು ಮುಚ್ಚಿದರೂ ನಮ್ಮ ಕೈ ಎಲ್ಲಿದೆಯೆಂದು ನಮಗೆ ಗೊತ್ತಾಗುವುದು ಈ ಇಂದ್ರಿಯದಿಂದ. ಅದಿಲ್ಲದ ಕ್ರಿಸ್ಟಿನಾ ಪ್ರತಿಯೊಂದು ಚಲನೆಯನ್ನೂ ಕಣ್ಣಿನಿಂದ ನೋಡಿ ನೋಡಿ ಮಾಡಲು ಕಲಿತಳು. ನೆನಪು ಅಚ್ಚಳಿಯದೆ ಇತ್ತು. ಬದುಕಿನ ಕಥೆ ಪೂರ್ತಿಯಾಗಿತ್ತು. ಆದರೂ ತನ್ನ ದೇಹ ಸತ್ತಂತಿದೆ, ತನ್ನದಲ್ಲವೆನ್ನಿಸುತ್ತಿದೆ ಎಂದು ಆಕೆ ಹಲುಬುತ್ತಾಳೆ. ಕಥೆಯಿದ್ದೂ ತನ್ನತನಕ್ಕೆ ಬಿರುಕು ಬೀಳಬಹುದೆಂಬುದಕ್ಕೆ ಇದು ನಿದರ್ಶನ.

ದೇಹ ‘ನನ್ನದು’ ಎಂಬ ಭಾವವನ್ನೂ ಮಿದುಳು ಕ್ಷಣಕ್ಷಣವೂ ಕಟ್ಟುತ್ತಿರುತ್ತದೆ. 1998ರಲ್ಲಿ ಬಾಟ್ವಿನಿಕ್ ಮತ್ತು ಕೊಹೆನ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ, ವ್ಯಕ್ತಿಯ ನಿಜವಾದ ಕೈಯನ್ನು ಮರೆಮಾಡಿ, ಕಣ್ಣೆದುರು ರಬ್ಬರಿನ ಕೈಯೊಂದನ್ನು ಇಟ್ಟು, ಎರಡನ್ನೂ ಒಂದೇ ಹೊತ್ತಿಗೆ ಕುಂಚದಿಂದ ಸವರಿದರು. ಸ್ವಲ್ಪ ಹೊತ್ತಿನಲ್ಲಿ ಅನೇಕರಿಗೆ ಆ ರಬ್ಬರಿನ ಕೈಯೇ ತಮ್ಮದೆನ್ನಿಸತೊಡಗಿತು. ಕಂಡದ್ದೂ ಮುಟ್ಟಿದ್ದೂ ಒಂದೇ ತಾಳದಲ್ಲಿ ಬಂದಾಗ ಮಿದುಳು ‘ಇದು ನನ್ನದು’ ಎಂದು ತೀರ್ಮಾನಿಸುತ್ತದೆ.

ಭಾವದ ನೆಲೆ ಇನ್ನೂ ಮುಖ್ಯವಾದುದು. 1911ರಲ್ಲಿ ಜಿನೀವಾದ ವೈದ್ಯ ಎಡ್ವರ್ಡ್ ಕ್ಲಾಪರೇಡ್ ಅವರು, ಜಿಮ್ಮಿಯ ರೋಗವೇ ಇದ್ದ ಒಬ್ಬ ಮಹಿಳೆಯ ವೃತ್ತಾಂತವನ್ನು ಪ್ರಕಟಿಸಿದರು. ಆಕೆ ವೈದ್ಯರನ್ನು ಪ್ರತಿಸಲವೂ ಹೊಸಬರೆಂದೇ ಭಾವಿಸುತ್ತಿದ್ದಳು. ಒಮ್ಮೆ ಅವರು ಬೆರಳುಗಳ ನಡುವೆ ಗುಂಡುಸೂಜಿ ಅಡಗಿಸಿಕೊಂಡು ಆಕೆಯ ಕೈ ಕುಲುಕಿದರು. ಆ ನೋವನ್ನೂ ಆಕೆ ಬೇಗ ಮರೆತಳು. ಆದರೆ ಮತ್ತೆ ಅವರು ಕೈ ಚಾಚಿದಾಗ ಆಕೆ ತನ್ನ ಕೈಯನ್ನು ಹಿಂದೆಗೆದುಕೊಂಡಳು. ಕಾರಣವನ್ನು ಮಾತ್ರ ಹೇಳಲಾರಳು. ಅಮೆರಿಕದ ಅಯೋವಾದಲ್ಲಿ ಆಂಟೋನಿಯೊ ದಮಾಸಿಯೊ ಅವರು ಡೇವಿಡ್ ಎಂಬ ಸ್ಮೃತಿಹೀನ ರೋಗಿಯಲ್ಲಿಯೂ ಇಂಥದನ್ನೇ ಕಂಡರು. ಅವನೊಡನೆ ಒಬ್ಬರು ಸದಾ ಸೌಜನ್ಯದಿಂದ, ಇನ್ನೊಬ್ಬರು ಸದಾ ಒರಟಾಗಿ ನಡೆದುಕೊಳ್ಳುವಂತೆ ಏರ್ಪಡಿಸಲಾಯಿತು. ಆಮೇಲೆ ಚಿತ್ರಗಳನ್ನು ತೋರಿಸಿದಾಗ ಅವನಿಗೆ ಇಬ್ಬರ ಗುರುತೂ ಇಲ್ಲ. ಆದರೂ ಸಹಾಯ ಬೇಕಾದರೆ ಯಾರ ಬಳಿ ಹೋಗುವೆ ಎಂದರೆ, ಬಹುಪಾಲು ಸಲ ಸೌಜನ್ಯದವರ ಚಿತ್ರವನ್ನೇ ತೋರಿದ.

ಇಂಥ ಸಾಕ್ಷ್ಯಗಳನ್ನು ಬಳಸಿಕೊಂಡು ದಮಾಸಿಯೊ ಅವರು 1999ರಲ್ಲಿ ಪ್ರಕಟಿಸಿದ ‘ದಿ ಫೀಲಿಂಗ್ ಆಫ್ ವಾಟ್ ಹ್ಯಾಪನ್ಸ್’ ಗ್ರಂಥದಲ್ಲಿ ‘ನಾನು’ವಿಗೆ ಮೂರು ಮಹಡಿಗಳನ್ನು ಕಲ್ಪಿಸಿದರು. ತಳದಲ್ಲಿ, ಮಿದುಳುಕಾಂಡವೇ ಮೊದಲಾದ ಭಾಗಗಳು ದೇಹದ ಸ್ಥಿತಿಯನ್ನು ಎಡೆಬಿಡದೆ ನಕಾಶೆ ಬರೆಯುತ್ತಿರುವ ಆದಿಮ ನೆಲೆ. ಅದರ ಮೇಲೆ, ಹೊರಗಿನದೇನಾದರೂ ತಾಗಿ ಆ ನಕಾಶೆ ಬದಲಾದಾಗ ಹುಟ್ಟುವ, ಈ ಕ್ಷಣದ ‘ನನಗೆ ಆಗುತ್ತಿದೆ’ ಎಂಬ ಅರಿವು. ಎಲ್ಲಕ್ಕಿಂತ ಮೇಲೆ, ನೆನಪುಗಳನ್ನು ಹೆಣೆದ ಆತ್ಮಕಥೆಯ ‘ನಾನು’. ಮೇಲಿನ ಮಹಡಿ ಬಿದ್ದರೂ ಕೆಳಗಿನವು ನಿಲ್ಲಬಲ್ಲವು; ಕೆಳಗಿನವು ಬಿದ್ದರೆ ಮೇಲಿನದು ನಿಲ್ಲಲಾರದು. ದೇಹದ ನಕಾಶೆ ಅನುಭವವಾಗಿ ಮಾರ್ಪಡುವುದು ಹೇಗೆಂಬ ಗಂಟನ್ನು ದಮಾಸಿಯೊ ಅವರೂ ಬಿಡಿಸಿಲ್ಲ, ಬೇರೆ ಯಾರೂ ಬಿಡಿಸಿಲ್ಲ. ಆದರೆ ಜಿಮ್ಮಿಯನ್ನು ಅರ್ಥಮಾಡಿಕೊಳ್ಳಲು ಈ ಮೂರು ಮಹಡಿಗಳ ಚಿತ್ರ, ‘ಕಥೆಯೇ ನಾನು’ ಎಂಬ ಸೂತ್ರಕ್ಕಿಂತ ಹೆಚ್ಚು ಉಪಯುಕ್ತ.

‘ನಾನು’ ಮತ್ತು ‘ನನಗೆ’

ಈ ಗ್ರಂಥಗಳನ್ನು ಕನ್ನಡದ ಮನಸ್ಸಿನಿಂದ ಓದುವಾಗ ವ್ಯಾಕರಣದ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಇಂಗ್ಲಿಷಿನಲ್ಲಿ ಹಾಡುವುದು, ಬರೆಯುವುದು, ಹಸಿಯುವುದು, ನೆನೆಯುವುದು ಎಲ್ಲಕ್ಕೂ ‘ಐ’ ಎಂಬ ಒಂದೇ ಕರ್ತೃಪದ ಸಾಕು. ನಮ್ಮ ನುಡಿ ಹಾಗಲ್ಲ. ‘ನಾನು ಹಾಡಿದೆ’, ‘ನಾನು ಬರೆದೆ’ ಎನ್ನುವ ನಾವೇ ‘ನನಗೆ ಹಸಿವಾಗಿದೆ’, ‘ನನಗೆ ಭಯವಾಯಿತು’, ‘ನನಗೆ ನಿದ್ದೆ ಬಂತು’, ‘ನನಗೆ ನೆನಪಾಯಿತು’ ಎನ್ನುತ್ತೇವೆ. ಇಲ್ಲಿ ಚತುರ್ಥೀ ವಿಭಕ್ತಿ ಬರುತ್ತದೆ. ಕ್ರಿಯಾಪದವು ಹಸಿವು, ಭಯ, ನೆನಪುಗಳಿಗೆ ಹೊಂದಿಕೊಳ್ಳುತ್ತದೆಯೇ ಹೊರತು ನನಗಲ್ಲ. ಹಸಿವು ಎಲ್ಲಿಂದಲೋ ಬರುತ್ತದೆ, ನಾನು ಅದು ಬಂದು ಸೇರುವ ಜಾಗ. ‘ನಾನು ಹಸಿದಿದ್ದೇನೆ’, ‘ನಾನು ಹೆದರಿದೆ’ ಎಂದು ಹೇಳಲು ಅಡ್ಡಿಯಿಲ್ಲ. ಆದರೆ ಅನುಭವದ ಮಾತಿಗೆ ನಾಲಗೆಯ ಮೇಲೆ ಮೊದಲು ಬರುವುದು ‘ನನಗೆ’.

ಇದು ಕನ್ನಡದ ಏಕಸ್ವಾಮ್ಯವೇನೂ ಅಲ್ಲ. ಗಡಿನಾಡಿನವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಕಾಸರಗೋಡಿನ ಪೇಟೆಯಲ್ಲಿ ತುಳುವರು ‘ಎಂಕ್ ಬಡವಾಪುಂಡು’ ಎಂದರೆ ಮಲಯಾಳಿಗರು ‘ಎನಿಕ್ಕ್ ವಿಶಕ್ಕುನ್ನು’ ಎನ್ನುತ್ತಾರೆ. ಸೊಲ್ಲಾಪುರದ ಬಂಧುಗಳು ಮರಾಠಿಯಲ್ಲಿ ‘ಮಲಾ ಭೂಕ್ ಲಾಗಲೀ’ ಎನ್ನುವುದನ್ನು ಕೇಳಿ ಬಲ್ಲರು. ವಿಭಕ್ತಿ ಒಂದೇ ಬಗೆಯದು. ವ್ಯಾಕರಣದಿಂದ ಮಿದುಳಿನ ರಚನೆ ಸಿದ್ಧವಾಗುವುದಿಲ್ಲವೆಂಬುದು ನಿಜ. ಆದರೆ ವಿಮರ್ಶೆಗೆ ಬೇಕಾದ ಒಂದು ಭೇದವನ್ನು ನಮ್ಮ ಭಾಷೆಗಳು ಸಿದ್ಧವಾಗಿ ಕೈಗೆ ಕೊಡುತ್ತವೆ. ಆತ್ಮಕಥೆಯನ್ನು ಹೇಳುವುದು ‘ನಾನು’: ಹುಟ್ಟಿದೆ, ಓದಿದೆ, ದುಡಿದೆ. ಈ ಕ್ಷಣವನ್ನು ಅನುಭವಿಸುವುದು ‘ನನಗೆ’. ಜಿಮ್ಮಿಯಲ್ಲಿ ಕಡಿದುಹೋದುದು ಮೊದಲನೆಯದು. ಪ್ರಾರ್ಥನಾಮಂದಿರದಲ್ಲಿ ಸ್ಯಾಕ್ಸ್ ಕಂಡುದು ಎರಡನೆಯದು. ಥಾಂಪ್ಸನ್‌ನಲ್ಲಿ ‘ನಾನು’ ಬಿಡುವಿಲ್ಲದೆ ಮಾತಾಡುತ್ತದೆ, ‘ನನಗೆ’ ಎಂಬುದು ಬತ್ತಿಹೋಗಿದೆ. ಎಲ್ಲವನ್ನೂ ಒಂದೇ ಪದದಲ್ಲಿ ಅಡಗಿಸಿದ ಭಾಷೆಯಲ್ಲಿ ಬರೆದುದರಿಂದಲೋ ಏನೋ, ಸ್ಯಾಕ್ಸ್ ಅವರಿಗೆ ತಾವು ಕಂಡ ಭೇದವನ್ನು ಹೆಸರಿಡಲು ಸುಲಭವಾಗಲಿಲ್ಲ.

ಗ್ರಂಥದ ಕೊರತೆಗಳು

ಹೆಸರಿಡಲಾಗದ ಕಡೆ ಅವರು ‘ಆತ್ಮ’ ಎಂಬ ಪದವನ್ನು ಕರೆತರುತ್ತಾರೆ. ಇದು ನನ್ನ ಮೊದಲ ಆಕ್ಷೇಪ. ಜಿಮ್ಮಿಯ ತನ್ಮಯತೆ ನರವಿಜ್ಞಾನಕ್ಕೆ ನಿಲುಕದ್ದು ಎಂಬ ಧ್ವನಿ ಆ ಅಧ್ಯಾಯದ ಕೊನೆಯಲ್ಲಿದೆ. ಆದರೆ ಪೂಜಾವಿಧಿಗೆ ಗೊತ್ತಾದ ಕ್ರಮವಿದೆ. ಒಂದು ನುಡಿ ಮುಂದಿನ ನುಡಿಯನ್ನು, ಒಂದು ಚಲನೆ ಮುಂದಿನ ಚಲನೆಯನ್ನು ತಾನೇ ಎಳೆದು ತರುತ್ತದೆ. ಬಾಲ್ಯದಿಂದ ರೂಢಿಯಾದ ಇಂಥ ಕ್ರಮಗಳು ಘಟನೆಗಳ ನೆನಪಿಗಿಂತ ಬೇರೆಯಾದ ಮಾರ್ಗದಲ್ಲಿ ಉಳಿಯುತ್ತವೆ. 1953ರಲ್ಲಿ ಶಸ್ತ್ರಚಿಕಿತ್ಸೆಯಿಂದ ಹೊಸ ನೆನಪಿನ ಶಕ್ತಿ ಕಳೆದುಕೊಂಡ ಹೆನ್ರಿ ಮೊಲೈಸನ್ ಎಂಬವರು, ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಗೆರೆಗಳನ್ನು ತಿದ್ದುವ ಅಭ್ಯಾಸದಲ್ಲಿ ದಿನದಿನಕ್ಕೂ ಪಳಗಿದರು. ಹಿಂದೆ ಅಭ್ಯಾಸ ಮಾಡಿದ್ದೇ ಅವರಿಗೆ ನೆನಪಿರಲಿಲ್ಲ. ಬ್ರೆಂಡಾ ಮಿಲ್ನರ್ ಅವರ ಈ ಅಧ್ಯಯನ ಸ್ಯಾಕ್ಸ್ ಬರೆಯುವುದಕ್ಕೆ ಎರಡು ದಶಕ ಮೊದಲೇ ಪ್ರಕಟವಾಗಿತ್ತು. ಇದನ್ನು ಒಂದಿಷ್ಟು ಬಳಸಿಕೊಂಡಿದ್ದರೆ ಜಿಮ್ಮಿಯ ಪ್ರಾರ್ಥನೆಯ ಘನತೆ ಕುಂದುತ್ತಿರಲಿಲ್ಲ. ಓದುಗನಿಗೆ ಅದು ಪವಾಡವಾಗಿ ಕಾಣುತ್ತಲೂ ಇರಲಿಲ್ಲ.

ಎರಡನೆಯ ಆಕ್ಷೇಪ ಥಾಂಪ್ಸನ್ ಕುರಿತಾದುದು. ಜಿಮ್ಮಿ ಸೌಮ್ಯ, ಎಲ್ಲರಿಗೂ ಇಷ್ಟವಾಗುವವನು, ಥಾಂಪ್ಸನ್ ಗಲಾಟೆಯವನು. ಒಬ್ಬನಿಗೆ ಆತ್ಮವಿದೆ, ಇನ್ನೊಬ್ಬನಿಗೆ ಅದು ನಷ್ಟವಾಗಿರಬಹುದು ಎಂಬ ತೂಕದಲ್ಲಿ ನೋಡುವವರ ಪ್ರೀತಿಯೂ ಸೇರಿಕೊಂಡಿಲ್ಲವೇ? ಅದೇ ಅಧ್ಯಾಯದ ಕೊನೆಯಲ್ಲಿ ಥಾಂಪ್ಸನ್ ತೋಟಕ್ಕೆ ಹೋದಾಗ, ತಾನಾರೆಂದು ಕೇಳುವ ಜನರಿಲ್ಲದ ಕಡೆ, ಗಿಡಮರಗಳ ನಡುವೆ ಶಾಂತನಾಗುತ್ತಾನೆ. ಆ ಶಾಂತಿಯನ್ನು ಅನುಭವಿಸಿದವನು ಯಾರು? ಲೇಖಕರು ಆ ಪ್ರಶ್ನೆಯ ಹೊಸ್ತಿಲಿಗೆ ಬಂದು ಹಿಂದಿರುಗುತ್ತಾರೆ. ಮೂರನೆಯದಾಗಿ, ಇಲ್ಲಿ ಎಲ್ಲರ ಕಥೆಯನ್ನೂ ಹೇಳುವವರು ವೈದ್ಯರೊಬ್ಬರೇ. ತನ್ನ ಬಗ್ಗೆ ಬರೆದುದನ್ನು ಓದಿ ‘ಹೀಗಲ್ಲ’ ಎನ್ನುವ ಶಕ್ತಿ ಜಿಮ್ಮಿಗಿಲ್ಲ. ಕಥೆಯೇ ವ್ಯಕ್ತಿ ಎಂದು ಸಾರುವ ಗ್ರಂಥದಲ್ಲಿ ಆ ಕಥೆಯ ಹಕ್ಕು ವ್ಯಕ್ತಿಯ ಕೈಯಲ್ಲಿಲ್ಲವೆಂಬುದನ್ನು ಮರೆಯುವಂತಿಲ್ಲ.

ಆದರೂ ಸ್ಯಾಕ್ಸ್ ಅವರು ನಿಂತ ನೀರಾಗಿರಲಿಲ್ಲ. 2007ರ ‘ಮ್ಯೂಸಿಕೋಫಿಲಿಯಾ’ದಲ್ಲಿ ಕ್ಲೈವ್ ವೇರಿಂಗ್ ಎಂಬ ಆಂಗ್ಲ ಸಂಗೀತಗಾರನ ಕುರಿತು ಬರೆದರು. 1985ರಲ್ಲಿ ಮಿದುಳಿನ ಸೋಂಕಿನಿಂದ ಆತನ ನೆನಪಿನ ಅವಧಿ ಕೆಲವು ಸೆಕೆಂಡುಗಳಿಗೆ ಇಳಿಯಿತು. ಆದರೆ ಪಿಯಾನೋದ ಮುಂದೆ ಕೂತರೆ ಕೃತಿಯನ್ನು ಕೊನೆಯವರೆಗೂ ನುಡಿಸಬಲ್ಲ. ಹೆಂಡತಿಯನ್ನು ಕಂಡಾಗಲೆಲ್ಲ ಉಕ್ಕುವ ಪ್ರೀತಿಯಿಂದ ಅಪ್ಪಿಕೊಳ್ಳುತ್ತಾನೆ. ಅಲ್ಲಿ ಕಥೆಯ ಸೂತ್ರ ಹಿಂದೆ ಸರಿದು, ಸಂಗೀತ ಮತ್ತು ಪ್ರೀತಿಗಳ ವರ್ತಮಾನ ಮುಂದೆ ಬರುತ್ತದೆ.

ನಮ್ಮ ಮನೆಗಳಿಗೆ ಸಂಬಂಧಿಸಿದ ಮಾತು

ಈ ಚರ್ಚೆ ಪಂಡಿತರಿಗಷ್ಟೇ ಸಂಬಂಧಿಸಿದುದಲ್ಲ. ‘ಅರವತ್ತಕ್ಕೆ ಅರಳುಮರಳು’ ಎಂದು ನಗುತ್ತಾ ಹೇಳುತ್ತಿದ್ದ ಸ್ಥಿತಿಗೆ ಈಗ ಆಲ್ಜೈಮರ್ ಮೊದಲಾದ ರೋಗಗಳ ಹೆಸರು ತಿಳಿದಿದೆ. ಆಲ್ಜೈಮರ್ ಸಾಮಾನ್ಯವಾಗಿ ಹಿಪೊಕ್ಯಾಂಪಸ್ ಮತ್ತು ಅದರ ಆಸುಪಾಸಿನ ಭಾಗಗಳನ್ನು ಮೊದಲು ಹಿಡಿಯುತ್ತದೆ. ಅದಕ್ಕಾಗಿಯೇ ಬೆಳಗಿನ ಉಪಾಹಾರ ಮರೆತುಹೋಗಿ ಬಾಲ್ಯದ ಊರು ನೆನಪಿರುತ್ತದೆ. ಅಂಥ ಹಿರಿಯರನ್ನು ಕುರಿತು ಮನೆಯವರು ‘ಅವರು ಈಗ ಅವರಲ್ಲ’ ಎನ್ನುವುದುಂಟು. ಕಥೆಯೇ ಮನುಷ್ಯ ಎಂದು ಒಪ್ಪಿದರೆ ಈ ಮಾತು ಸರಿಯಾಗಿಬಿಡುತ್ತದೆ. ಅವರೆದುರಿಗೇ ಅವರಿಲ್ಲವೆಂಬಂತೆ ಮಾತಾಡುವುದಕ್ಕೂ ಸಮರ್ಥನೆ ಸಿಗುತ್ತದೆ. ಸ್ಯಾಕ್ಸ್ ಅವರ ಸೂತ್ರವನ್ನು ನಾನು ಇಷ್ಟು ದೂರ ಪ್ರಶ್ನಿಸಿರುವುದು ಈ ಕಾರಣದಿಂದ.

2014ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಆಲ್ಜೈಮರ್ ರೋಗಿಗಳಿಗೆ ದುಃಖದ ಮತ್ತು ಸಂತೋಷದ ಚಲನಚಿತ್ರ ತುಣುಕುಗಳನ್ನು ತೋರಿಸಿ ಪರೀಕ್ಷಿಸಿದರು. ಚಿತ್ರದಲ್ಲಿ ಏನಿತ್ತೆಂಬುದು ಅವರಿಗೆ ಬೇಗ ಮರೆಯಿತು. ಅದು ಎಬ್ಬಿಸಿದ ದುಃಖ ಅಥವಾ ಸಂತೋಷ ಅನಂತರವೂ ಉಳಿದಿತ್ತು. ಅಂದರೆ ನಮ್ಮ ಗದರಿಕೆಯ ಕಾರಣ ಅವರಿಗೆ ಮರೆತುಹೋಗುತ್ತದೆ, ಗದರಿಕೆಯ ನೋವು ಉಳಿಯುತ್ತದೆ. ನಾವು ಬಂದುದು ಮರೆತುಹೋಗುತ್ತದೆ, ಬಂದುದರಿಂದಾದ ಹಿತ ಉಳಿಯುತ್ತದೆ.

ಹಾಸಿಗೆಯ ಬಳಿ ನಿಂತು ‘ನಾನು ಯಾರು ಹೇಳಿ ನೋಡೋಣ’, ‘ಇವತ್ತು ಯಾವ ವಾರ’ ಎಂದು ಪದೇ ಪದೇ ಪರೀಕ್ಷೆ ಒಡ್ಡುವುದು ಜಿಮ್ಮಿಯ ಕೈಗೆ ಕನ್ನಡಿ ಕೊಟ್ಟಂತೆ. ನಾವು ಶಾಲೆಯವರು ಪ್ರಶ್ನೆ ಕೇಳುವ ಚಟ ಹತ್ತಿಸಿಕೊಂಡವರು; ಇಲ್ಲಿ ಅದನ್ನು ಬಿಡಬೇಕು. ಅದರ ಬದಲು ‘ನಾನು ನಿಮ್ಮ ಅಣ್ಣನ ಮಗ, ನಿಮ್ಮನ್ನು ನೋಡಲು ಬಂದೆ’ ಎಂದು ನಾವೇ ಹೇಳಿ, ರೂಢಿಯ ಭಜನೆಯನ್ನೋ ಹಳೆಯ ಹಾಡನ್ನೋ ಅವರೊಡನೆ ಹೇಳುವುದು ಮೇಲು. ಗಡಿನಾಡಿನಲ್ಲಿ ಇನ್ನೊಂದು ಸಂಗತಿಯಿದೆ. ವೃತ್ತಿಜೀವನವನ್ನೆಲ್ಲ ರಾಜ್ಯಭಾಷೆಯಲ್ಲಿಯೋ ಇಂ­ಗ್ಲಿಷಿನಲ್ಲಿಯೋ ಕಳೆದ ಹಿರಿಯರು ಮರೆವಿನ ದಿನಗಳಲ್ಲಿ ಬಾಲ್ಯದ ಮಾತಿಗೆ ಮರಳುವುದನ್ನು ಆರೈಕೆ ಮಾಡುವವರು ಹೇಳುತ್ತಾರೆ. ಬೇರೆ ಮಾಧ್ಯಮದಲ್ಲಿ ಓದಿದ ಮೊಮ್ಮಕ್ಕಳಿಗೆ ಆ ಮಾತು ಬಾರದಿದ್ದರೆ ಹಾಸಿಗೆಯ ಬಳಿ ಮೌನ ಕವಿಯುತ್ತದೆ. ಮನೆಯಲ್ಲಿ ಕನ್ನಡವನ್ನು ಉಳಿಸಿಕೊಳ್ಳಬೇಕೆನ್ನುವುದಕ್ಕೆ ಸಮ್ಮೇಳನದ ವೇದಿಕೆಗಳಲ್ಲಿ ನಾವು ಕೊಡುವ ಕಾರಣಗಳ ಜೊತೆಗೆ ಇದನ್ನೂ ಸೇರಿಸಿಕೊಳ್ಳಬಹುದು.

ಒಟ್ಟಿನಲ್ಲಿ ಸ್ಯಾಕ್ಸ್ ಅವರ ಗ್ರಂಥ ಅದರ ಸೂತ್ರಕ್ಕಿಂತ ದೊಡ್ಡದು. ತನ್ನ ಸಿದ್ಧಾಂತಕ್ಕೆ ವಿರುದ್ಧವಾದ ಸಾಕ್ಷ್ಯವನ್ನೂ ಮುಚ್ಚಿಡದೆ ಪ್ರೀತಿಯಿಂದ ದಾಖಲಿಸಿದ ಲೇಖಕರ ಪ್ರಾಮಾಣಿಕತೆಯಿಂದಲೇ ನಮಗೆ ಅವರನ್ನು ತಿದ್ದಿ ಓದುವ ಅವಕಾಶ ದೊರೆತಿದೆ. ಮಿದುಳು ‘ನಾನು’ವನ್ನು ಒಂದೇ ಕಡೆ, ಒಂದೇ ಸಲ ಕಟ್ಟುವುದಿಲ್ಲ, ದೇಹದ ಅರಿವು, ಭಾವ, ಅಭ್ಯಾಸ, ನೆನಪು, ಕಥೆ ಎಂದು ಪದರ ಪದರವಾಗಿ ಕಟ್ಟುತ್ತದೆ. ಕಳಚುವಾಗ ಕಥೆ ಮೊದಲು ಕಳಚಬಹುದು. ಜಿಮ್ಮಿಯ ಅಧ್ಯಾಯವನ್ನು ಓದಿದವರು, ಅಷ್ಟು ಕಳಚಿದ ಮೇಲೂ ಎದುರಿಗೆ ಕೂತವರನ್ನು ಬಹುವಚನದಿಂದಲೇ ಮಾತನಾಡಿಸಬೇಕೆಂಬುದನ್ನು ಕಲಿಯುತ್ತಾರೆ.